ಕಾಲ್ಚೆಂಡಿನ ಬೂಟುಗಳನ್ನು ಕುರಿತು ಒಂದು ಪ್ರಸಂಗ

ಆಧಾರ: ಅಪೊಸ್ತಲರ ಕೃತ್ಯಗಳು 12ನೆಯ ಅಧ್ಯಾಯ, 6ರಿಂದ 10ನೆಯ ವಚನಗಳು.



ಪೇತ್ರನು ಸೆರೆಮನೆಯಲ್ಲಿ ಇಬ್ಬರು ಸಿಪಾಯಿಗಳ ನಡುವೆ, ಎರಡು ಸರಪಣಿಗಳಿಂದ ಕಟ್ಟಲ್ಪಟ್ಟವನಾಗಿ ನಿದ್ದೆಮಾಡುತ್ತಿದ್ದ ರಾತ್ರಿಯ ಸಂಗತಿಯನ್ನು ನೀವು ಎಷ್ಟೋ ಸಾರಿ ಕೇಳಿದ್ದೀರಿ. ದೇವದೂತನು ಬಂದನು, ಬೆಳಕು ಹೊಳೆಯಿತು, ಸರಪಣಿಗಳು ತಾವಾಗಿಯೇ ಕಳಚಿಬಿದ್ದವು; ಊರಕಡೆಯ ಕಬ್ಬಿಣದ ಬಾಗಿಲು ಸಹ ಯಾರೂ ಮುಟ್ಟದೆ ತೆರೆಯಿತು. ಇವೆರಡರ ನಡುವೆ ಒಂದು ಸಣ್ಣ ಮಾತು ಇದೆ. ಓದುವವರು ಅದನ್ನು ದಾಟಿಹೋಗುವದೇ ಹೆಚ್ಚು. ನಡುಕಟ್ಟಿಕೊಂಡು ನಿನ್ನ ಕೆರಗಳನ್ನು ಮೆಟ್ಟಿಕೋ ಎಂದು ದೂತನು ಪೇತ್ರನಿಗೆ ಅಪ್ಪಣೆಕೊಟ್ಟನು. ಸರಪಣಿಯನ್ನು ಬೀಳಿಸಿದ ದೂತನಿಗೆ ಕೆರವನ್ನು ತೊಡಿಸುವದು ಕಷ್ಟವಾಗಿತ್ತೋ? ಇಲ್ಲ. ಆದರೂ ಅದನ್ನು ಮಾಡಲಿಲ್ಲ. ಪೇತ್ರನ ಕೈಯಿಂದ ಆಗದೆ ಇದ್ದದ್ದನ್ನು ದೇವರು ಮಾಡಿದನು. ಪೇತ್ರನು ಮಾಡಬಲ್ಲದ್ದನ್ನು ಪೇತ್ರನಿಗೇ ಬಿಟ್ಟನು. ಅರಣ್ಯದಲ್ಲಿ 40 ವರುಷ ತಿರುಗಿದ ಇಸ್ರಾಯೇಲ್ಯರ ಕಾಲಿನ ಕೆರಗಳು ಸವೆಯಲಿಲ್ಲವೆಂದು ಧರ್ಮೋಪದೇಶಕಾಂಡದಲ್ಲಿ ಬರೆದದೆ. ಅದು ಅವರಿಗೆ ಆದ ಅದ್ಭುತ. ನಮ್ಮ ಹುಡುಗರ ಬೂಟುಗಳಿಗೆ ಅಂಥ ವಾಗ್ದಾನವು ಎಲ್ಲಿಯೂ ಕಾಣುವದಿಲ್ಲ. ಅವು ಒಂದು ಮಳೆಗಾಲದಲ್ಲಿಯೇ ಬಾಯಿಬಿಡುತ್ತವೆ.

ಹೌದು, ಈ ಪ್ರಸಂಗವು ಕಾಲ್ಚೆಂಡಿನ ಬೂಟುಗಳನ್ನು ಕುರಿತದ್ದೇ. ದೇವರ ವಾಕ್ಯವನ್ನು ಸಾರಬೇಕಾದ ಪುಟದಲ್ಲಿ ಬೂಟಿನ ಕೆಸರು ಯಾಕೆಂದು ಹಿರಿಯರು ಕೇಳಿದರೆ, ಗಿಬ್ಯೋನ್ಯರ ಕಥೆಯನ್ನು ಅವರು ಜ್ಞಾಪಿಸಿಕೊಳ್ಳಲಿ. ತೇಪೆಹಚ್ಚಿದ ಹಳೆಯ ಕೆರಗಳನ್ನು ತೋರಿಸಿ ಅವರು ಯೆಹೋಶುವನಂಥವನನ್ನೇ ಮೋಸಗೊಳಿಸಿದರು. ಮನುಷ್ಯನು ಎಲ್ಲಿಂದ ಬಂದನು, ಹೇಗೆ ನಡೆದನು ಎಂಬದಕ್ಕೆ ಕಾಲಿನ ಜೋಡು ಸಾಕ್ಷಿಯೆಂದು ಆ ಕಾಲದಲ್ಲಿಯೂ ಎಲ್ಲರೂ ತಿಳಿದಿದ್ದರು. ಮನೆಯ ಬಾಗಿಲಲ್ಲಿ ಬಿದ್ದಿರುವ ಬೂಟುಗಳು ಆ ಮನೆಯ ವಿಷಯವಾಗಿ ಎಷ್ಟೋ ಹೇಳುತ್ತವೆ.

ಮೊದಲು ಆಟದ ವಿಷಯವಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ದೇಶದವರು ಈ ಆಟವನ್ನು ಬಹುಕಾಲ ಬರಿಗಾಲಿನಲ್ಲಿ ಆಡಿದರು. 1911ನೆಯ ಇಸವಿ ಜುಲೈ 29ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಶಾಯರ್ ದಂಡಿನವರನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಬೂಟುಗಾಲಿನ ಸಿಪಾಯಿಗಳ ಎದುರಿಗೆ ಹತ್ತು ಮಂದಿ ಬರಿಗಾಲಿನವರು ನಿಂತರು. ಬೂಟು ಹಾಕಿದ್ದ ಹನ್ನೊಂದನೆಯವರು ಸುಧೀರ್ ಚಟರ್ಜಿಯವರು. ಅವರು ಕ್ರೈಸ್ತರು, ಭವಾನಿಪುರದ ಲಂಡನ್ ಮಿಶನ್ ಕಾಲೇಜಿನಲ್ಲಿ ಕಲಿಸುತ್ತಿದ್ದವರು, ಮುಂದೆ ರೆವರೆಂಡ್ ಎಂದು ಕರೆಯಲ್ಪಟ್ಟವರು. ಬೂಟು ಹಾಕಿಕೊಂಡದ್ದರಿಂದ ಅವರು ಆ ಹತ್ತು ಮಂದಿಗಿಂತ ಹೆಚ್ಚಿನವರಾಗಲಿಲ್ಲ. ಬರಿಗಾಲಿನಲ್ಲಿದ್ದದ್ದರಿಂದ ಆ ಹತ್ತು ಮಂದಿಯು ಅವರಿಗಿಂತ ಕಡಿಮೆಯವರಾಗಲೂ ಇಲ್ಲ. ಶೀಲ್ಡು ಹನ್ನೊಂದು ಮಂದಿಗೂ ಸೇರಿತು.

ಅನಂತರ 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ, ಜುಲೈ 31ರಂದು, ಸ್ವತಂತ್ರ ಭಾರತದ ತಂಡವು ಇಲ್‌ಫರ್ಡಿನಲ್ಲಿ ಫ್ರೆಂಚರ ಎದುರಿಗೆ ಆಡಿ 2–1ರಿಂದ ಸೋತಿತು. ಆಗಲೂ ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದವರೇ. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದ ನಾಯಕರು ತಾಲಿಮೆರೆನ್ ಆವೋ; ನಾಗಾ ಗುಡ್ಡಗಳ ಹಳ್ಳಿಯೊಂದರ ಬ್ಯಾಪ್ಟಿಸ್ಟ್ ಸಭಾಪಾಲಕರ ಮಗ. ಮಗನು ವೈದ್ಯನಾಗಬೇಕೆಂಬ ತಂದೆಯ ಆಸೆಯನ್ನು ಅವರು ಮರೆಯಲಿಲ್ಲ. ಕಲ್ಕತ್ತೆಯಲ್ಲಿ ಚೆಂಡನ್ನಾಡುತ್ತಲೇ ವೈದ್ಯಶಾಸ್ತ್ರವನ್ನು ಕಲಿತು ಮುಗಿಸಿ, ತಮ್ಮ ನಾಡಿಗೆ ಹಿಂದಿರುಗಿ ಅಲ್ಲಿಯವರ ಸೇವೆಮಾಡಿ 1998ರಲ್ಲಿ ತೀರಿಕೊಂಡರು. ಓದು ಬಿಟ್ಟು ಮೈದಾನಕ್ಕೆ ಓಡುವ ಮಕ್ಕಳೂ, ಆಟವೆಂದರೆ ಕೆಡುಕೆಂದು ಬಯ್ಯುವ ತಂದೆತಾಯಿಗಳೂ ಈ ಒಬ್ಬರ ಜೀವಿತವನ್ನು ಆಲೋಚಿಸಲಿ.

1952ರಲ್ಲಿ ಹೆಲ್ಸಿಂಕಿ ಪಟ್ಟಣದ ಚಳಿಯಲ್ಲಿ ನಮ್ಮವರು ಯುಗೊಸ್ಲಾವಿಯದವರ ಎದುರಿಗೆ 10–1ರಿಂದ ಸೋತರು. ಕೆಲವರು ಅಲ್ಲಿಯೂ ಬರಿಗಾಲಿನವರೇ ಆಗಿದ್ದರು. ಆ ಮೇಲೆ ಬೂಟು ಹಾಕುವದು ಕಡ್ಡಾಯವಾಯಿತು. ಎರಡು ವರುಷದ ತರುವಾಯ, 1954ರ ಜುಲೈ 4ರಂದು, ಬರ್ನ್ ಪಟ್ಟಣದಲ್ಲಿ ಲೋಕದ ಕಪ್ಪಿನ ಕಡೇ ಆಟ. ಮಳೆ ಸುರಿದು ಮೈದಾನವೆಲ್ಲಾ ರಾಡಿಯಾಗಿತ್ತು. ಪಶ್ಚಿಮ ಜರ್ಮನಿಯವರ ಬೂಟಿನ ತಳದಲ್ಲಿ ತಿರುಗಿಸಿ ಬಿಗಿಯುವ ಗುಬಟುಗಳಿದ್ದವು. ಕೆಸರಿಗೆ ತಕ್ಕಂತೆ ಉದ್ದವಾದವುಗಳನ್ನು ಹಾಕಿಕೊಂಡರು. ಬಲಿಷ್ಠರಾದ ಹಂಗೇರಿಯವರನ್ನು 3–2ರಿಂದ ಗೆದ್ದರು. ಆಡುವವನ ಕಾಲು ದೊಡ್ಡದು, ಬೂಟಲ್ಲ. ಹಾಗಾದರೂ ಯಾವ ನೆಲದಲ್ಲಿ ನಿಂತಿದ್ದೇನೆಂದು ತಿಳಿದು ಅದಕ್ಕೆ ತಕ್ಕ ಜೋಡನ್ನು ಸಿದ್ಧಮಾಡಿಕೊಂಡವನು ಜಾರುವದು ಕಡಿಮೆ.

ನಮ್ಮ ನೆಲ ಯಾವದು? ಯಲಬುರ್ಗಾ, ಕುಷ್ಟಗಿಗಳ ಹೊಲಗಳಲ್ಲಿ ಎರೆಯ ಮಣ್ಣು ಬಹಳ. ಒಣಗಿದಾಗ ಅದು ಬಿರುಕುಬಿಟ್ಟು ಕಲ್ಲಿನಂತಾಗುವದು. ಒಂದು ಹದ ಮಳೆ ಬಿದ್ದರೆ ಬೂಟಿನ ತಳಕ್ಕೆ ಅಂಟಿ, ಹೆಜ್ಜೆಹೆಜ್ಜೆಗೂ ಭಾರವಾಗುತ್ತಾ ಹೋಗುವದು. ಕೊಪ್ಪಳದ ಸುತ್ತಲೂ ಕುಷ್ಟಗಿಯ ಕೆಲವು ಕಡೆಗೂ ಮಸಾರಿ ಭೂಮಿ, ಗರಸು, ಕಲ್ಲುಗುಡ್ಡ. ಅಲ್ಲಿ ಕೆಸರಿನ ಕಾಟ ಕಡಿಮೆ, ಆದರೆ ಹರಳು ಬೂಟನ್ನು ಅರದಂತೆ ಉಜ್ಜುತ್ತದೆ. ಗಂಗಾವತಿಯ ಕಡೆಗೆ, 1953ರಲ್ಲಿ ನೀರು ಹರಿಯತೊಡಗಿದ ತುಂಗಭದ್ರೆಯ ಎಡದಂಡೆಯ ಕಾಲುವೆಯ ಕೆಳಗೆ, ಬತ್ತದ ಗದ್ದೆಗಳು; ಕೊಯ್ಲಾದ ಗದ್ದೆಯಲ್ಲಿಯೇ ಹುಡುಗರು ಆಡುವದರಿಂದ ಬೂಟುಗಳು ತೇವದಲ್ಲಿಯೇ ಇರುತ್ತವೆ. ಒಂದೊಂದು ಸೀಮೆಯ ಬೂಟಿಗೂ ಒಂದೊಂದು ಕೇಡು.

ಎರೆಯ ಮಣ್ಣಿನ ಗುಣವನ್ನು ರೈತನ ಮಕ್ಕಳಾದ ನಿಮಗೆ ಹೇಳಿಕೊಡಬೇಕಾಗಿಲ್ಲ. ಅದು ಒಣಗುವಾಗ ಕುಗ್ಗುತ್ತದೆ. ಹೊಲವನ್ನೇ ಸೀಳುವ ಆ ಮಣ್ಣು ಬೂಟಿನ ಮೇಲೆ ಒಣಗಿದರೆ, ತೊಗಲಿನೊಳಗಿನ ತೇವವನ್ನೂ ಎಣ್ಣೆಯನ್ನೂ ಹೀರಿಕೊಂಡು ತೊಗಲನ್ನು ಎಳೆದು ಬಿರುಕಿಸುತ್ತದೆ. ಆದಕಾರಣ ಆಟ ಮುಗಿದ ಕೂಡಲೇ, ಮೈದಾನದ ಅಂಚಿನಲ್ಲಿಯೇ, ಬೂಟುಗಳನ್ನು ಬಿಚ್ಚಿ ತಳಕ್ಕೆ ತಳ ಬಡಿಯಿರಿ. ದೊಡ್ಡ ಹೆಂಟೆಗಳು ಆಗಲೇ ಬೀಳುವವು. ಗುಬಟುಗಳ ಸಂದಿನಲ್ಲಿ ಉಳಿದದ್ದನ್ನು ಮೊಂಡಾದ ಕಟ್ಟಿಗೆಯ ಚೂರಿನಿಂದ ಕೆದಕಿ ತೆಗೆಯಬೇಕು. ಚಾಕು, ಕುಡುಗೋಲು ಬೇಡ. ಬಿಚ್ಚುವಾಗಲೂ ದಾರವನ್ನು ಸಡಿಲಿಸಿ ಬಿಚ್ಚಿರಿ. ಒಂದು ಕಾಲಿನ ತುದಿಯಿಂದ ಇನ್ನೊಂದು ಬೂಟಿನ ಹಿಮ್ಮಡಿಯನ್ನು ತುಳಿದು ಕೀಳುವದು ನಮ್ಮ ಹುಡುಗರ ರೂಢಿ. ಹಿಮ್ಮಡಿಯ ಗಟ್ಟಿಭಾಗವು ಒಂದು ಸಾರಿ ಮುರಿಯಿತೆಂದರೆ ಯಾವ ಸಮಗಾರನೂ ಅದನ್ನು ಮೊದಲಿನಂತೆ ನಿಲ್ಲಿಸಲಾರನು.

ಮನೆಗೆ ಬಂದ ಮೇಲೆ ಬೂಟುಗಳನ್ನು ಬೋರಿನ ನೀರಿನ ಕೆಳಗೆ ಹಿಡಿಯುವದಾಗಲಿ, ಬಕೀಟಿನಲ್ಲಿ ನೆನೆಹಾಕುವದಾಗಲಿ, ಬಟ್ಟೆಯ ಸೋಡಾ ಹಾಕಿ ತಿಕ್ಕುವದಾಗಲಿ ಸಲ್ಲದು. ದಾರಗಳನ್ನೂ ಒಳಗಿನ ಅಟ್ಟೆಯನ್ನೂ ಹೊರತೆಗೆದು ಅವನ್ನು ಬೇರೆಯಾಗಿ ಸಾಬೂನಿನಿಂದ ತೊಳೆಯಿರಿ. ಬೂಟಿನ ಮೈಯನ್ನು ಒದ್ದೆಯ ಅರಿವೆಯಿಂದ ಒರಸಿದರೆ ಸಾಕು. ಹೊಲಿಗೆಯ ಸಾಲಿನಲ್ಲಿ ಸೇರಿದ ಮಣ್ಣಿಗೆ ಹಳೆಯ ಹಲ್ಲಿನ ಬ್ರಶ್ಶು ಒಳ್ಳೇದು. ತರುವಾಯ ಒಣಗಿದ ಅರಿವೆಯಿಂದ ಒರಸಿ, ಹಳೆಯ ವರ್ತಮಾನಪತ್ರಗಳನ್ನು ಮುದ್ದೆಮಾಡಿ ತುದಿಯವರೆಗೆ ತುರುಕಿಡಿರಿ. ಕಾಗದವು ತೇವವನ್ನು ಹೀರುವದು, ಬೂಟಿನ ಆಕಾರವನ್ನೂ ಉಳಿಸುವದು. ಒಂದೆರಡು ತಾಸಿನ ಮೇಲೆ ಆ ಕಾಗದವನ್ನು ತೆಗೆದು ಒಣಗಿದ್ದನ್ನು ಹಾಕಬೇಕು. ಒದ್ದೆಯಾದ ಕಾಗದವನ್ನು ವಾರಗಟ್ಟಲೆ ಒಳಗೆ ಬಿಟ್ಟರೆ ಹಾಕದೆ ಇದ್ದದ್ದೇ ಮೇಲಾಗಿತ್ತೆನ್ನುವಂತೆ ಬೂಸುರು ಹಿಡಿಯುವದು.

ಒಣಗಿಸುವದರಲ್ಲಿಯೇ ಹೆಚ್ಚು ಬೂಟುಗಳು ಹಾಳಾಗುತ್ತವೆ. ನಾಳೆ ಆಟ ಇದೆ, ಬೂಟು ಒದ್ದೆ ಇದೆ. ಹುಡುಗನು ಅದನ್ನು ಒಲೆಯ ಪಕ್ಕದಲ್ಲಿ ಇಡುತ್ತಾನೆ, ಇಲ್ಲವೆ ಮೇ ತಿಂಗಳ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಗೆಯುತ್ತಾನೆ. ಒದ್ದೆಯ ತೊಗಲಿಗೆ ಬೆಂಕಿಯು ವೈರಿ. ಒಣಗಿದ ತೊಗಲು ತಾಳಿಕೊಳ್ಳುವ ಕಾವನ್ನು ಒದ್ದೆಯ ತೊಗಲು ತಾಳಲಾರದೆ ಮುದುಡಿ ಕೊಂಬಿನಂತೆ ಬಿರುಸಾಗುತ್ತದೆ. ತಳವನ್ನು ಅಂಟಿಸಿದ ಅಂಟು ಬಿಟ್ಟುಕೊಳ್ಳುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಪಡಸಾಲೆಯಲ್ಲಿ, ಒಂದು ದಿನವೋ ಎರಡು ದಿನವೋ ತಾಳಿರಿ. ಅವಸರದವನಿಗೆ ಎರಡು ಜೋಡು ಬೇಕಾಗುವವು. ನಮ್ಮಲ್ಲಿ ಎಷ್ಟು ಮಂದಿಯ ತಂದೆಗಳು ಎರಡು ಜೋಡು ಕೊಡಿಸಬಲ್ಲರು? ಕೂಲಿಯ ಎಷ್ಟು ದಿನಗಳು ಒಂದು ಜೋಡು ಬೂಟಿನಲ್ಲಿ ಅಡಗಿವೆಯೆಂದು ಪ್ರತಿಯೊಬ್ಬ ಹುಡುಗನೂ ತನ್ನ ತಾಯಿಯನ್ನು ಕೇಳಿ ಲೆಕ್ಕಮಾಡಲಿ.

ತೊಗಲೆಂದರೆ ಏನೆಂದು ತಿಳಿದವನು ಅದನ್ನು ಕೆಡಿಸನು. ನಮ್ಮ ಹಿರಿಯರು ಹಸಿಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿಯ ತೊಗಟೆಯ ನೀರಿನಲ್ಲಿ ದಿನಗಟ್ಟಲೆ ಇಟ್ಟು ಹದಮಾಡುತ್ತಿದ್ದರು. ತೊಗಲು ಸಣ್ಣ ಸಣ್ಣ ಎಳೆಗಳ ನೇಯ್ಗೆ. ತಂಗಡಿಯ ಒಗರು ಆ ಎಳೆಗಳನ್ನು ಹಿಡಿದು ಕೊಳೆಯದಂತೆ ಮಾಡುವದು. ಎಣ್ಣೆಯು ಎಳೆಗಳ ನಡುವೆ ನಿಂತು ಒಂದರ ಮೇಲೊಂದು ಜಾರುವಂತೆ ಮಾಡುವದು. ಎಣ್ಣೆ ಹೋದ ತೊಗಲು ಮಡಿಸಿದಲ್ಲಿ ಒಡೆಯುವದು. ಅದಕ್ಕಾಗಿಯೇ ಹೊಸ ಕಾಲ್ಮರಿಗೆ ಔಡಲೆಣ್ಣೆ ಉಣಿಸುವ ಪದ್ಧತಿ ಹಳ್ಳಿಗಳಲ್ಲಿ ಇತ್ತು. ತೊಗಲಿನ ಬೂಟು ಚೆನ್ನಾಗಿ ಒಣಗಿದ ಮೇಲೆ ಅಂಗಡಿಯ ಬೂಟಿನ ಮೇಣವನ್ನಾಗಲಿ, ಅದು ಸಿಕ್ಕದಿದ್ದರೆ ಔಡಲೆಣ್ಣೆಯ ಕೆಲವೇ ಹನಿಗಳನ್ನಾಗಲಿ ಅರಿವೆಗೆ ಹಚ್ಚಿ ತೆಳ್ಳಗೆ ಒರಸಬೇಕು. ಹೆಚ್ಚು ಹಚ್ಚಿದರೆ ತೊಗಲು ಜೋತುಬೀಳುವದು, ಧೂಳು ಮೆತ್ತುವದು. ಒದ್ದೆಯ ತೊಗಲಿಗೆ ಎಣ್ಣೆ ಹಚ್ಚಬಾರದು. ನೀರು ಒಳಗೆ ಸಿಕ್ಕಿಕೊಳ್ಳುವದು.

ಆದರೆ ಈಗಿನ ಬೂಟುಗಳಲ್ಲಿ ಹೆಚ್ಚಿನವು ತೊಗಲಿನವಲ್ಲ, ಕಾರಖಾನೆಯ ಕೃತಕ ಬಟ್ಟೆ ಮತ್ತು ಪ್ಲಾಸ್ಟಿಕಿನವು. ಇವುಗಳಿಗೆ ಎಣ್ಣೆ ಬೇಡವೇ ಬೇಡ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸಾಬೂನು, ಮೆತ್ತಗಿನ ಅರಿವೆ, ನೆರಳು, ಇಷ್ಟೇ. ಯಾವದು ತೊಗಲು, ಯಾವದು ಅಲ್ಲವೆಂದು ಕೊಳ್ಳುವಾಗಲೇ ಕೇಳಿ ತಿಳಿಯಿರಿ. ಎರಡಕ್ಕೂ ಸಮನಾದ ಒಂದು ಮಾತುಂಟು: ಬೂಟು ಹಾಕಿಕೊಂಡು ಡಾಂಬರಿನ ರಸ್ತೆಯಲ್ಲಿ ಊರಿಂದ ಮೈದಾನದವರೆಗೆ ನಡೆಯಬೇಡಿರಿ. ತಳದ ಗುಬಟುಗಳು ಮಣ್ಣಿಗೆ ಹುಟ್ಟಿದವು, ಕಲ್ಲಿಗಲ್ಲ. ಚಪ್ಪಲಿ ಮೆಟ್ಟಿ ಹೋಗಿ ಅಲ್ಲಿ ಬೂಟು ಹಾಕಿರಿ. ಅಲ್ಲದೆ ನಮ್ಮ ಕಲ್ಲುಗುಡ್ಡದ ಸೀಮೆಯಲ್ಲಿ ಬಾಗಿಲ ಮೂಲೆಯಲ್ಲಿಟ್ಟ ಬೂಟಿನೊಳಗೆ ಚೇಳು ಸೇರುವದುಂಟು. ಇಲಿಯು ಬೆವರಿನ ಉಪ್ಪಿನ ರುಚಿಗೆ ಕಡಿಯುವದುಂಟು. ಗೂಟಕ್ಕೆ ತೂಗಹಾಕಿರಿ, ಹಾಕಿಕೊಳ್ಳುವ ಮೊದಲು ತಲೆಕೆಳಗೆ ಮಾಡಿ ಕೊಡವಿರಿ. ಪ್ರಾರ್ಥನೆ ಮಾಡಿದವನು ಸಹ ಕೊಡವತಕ್ಕದ್ದು.

ಇದುವರೆಗಿನ ಮಾತು ಸುಲಭ. ಇನ್ನು ಕಠಿನವಾದ ಮಾತಿಗೆ ಬರುತ್ತೇನೆ. ಈ ಕೆಲಸವನ್ನು ಯಾರು ಮಾಡಬೇಕು?

ಆಟ ಮುಗಿಸಿ ಬಂದ ದೊಡ್ಡ ಹುಡುಗನು ಕೆಸರಿನ ಬೂಟನ್ನು ಸಣ್ಣವನ ಮುಂದೆ ಒಗೆದು, ಒರಸಿಡು ಎನ್ನುವದುಂಟು. ಮನೆಗಳಲ್ಲಿ ಅಕ್ಕತಂಗಿಯರ ಪಾಲಿಗೆ ಈ ಕೆಲಸ ಬೀಳುವದುಂಟು. ಇದಕ್ಕಿಂತಲೂ ಕೆಟ್ಟದ್ದು ಒಂದುಂಟು. ಹೇಳುವದಕ್ಕೆ ನಾಲಿಗೆ ಹಿಂಜರಿದರೂ ಹೇಳದೆ ಇರಬಾರದು. ಒಂದೇ ಸಭೆಯ ಹುಡುಗರಲ್ಲಿಯೇ, ಒಂದೇ ಬಟ್ಟಲಿನಲ್ಲಿ ಪಾಲುಗೊಂಡವರ ಮಕ್ಕಳಲ್ಲಿಯೇ, ಇದು ನಿಮ್ಮ ಅಜ್ಜನ ಕಸುಬಲ್ಲವೇ, ನೀನೇ ಮಾಡು ಎಂದು ತೊಗಲಿನ ಕಸುಬಿನ ಮನೆತನದವನಿಗೆ ಬೂಟು ಕೊಡುವ ಬಾಯಿಗಳು ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೋ? ನೀರಿನಲ್ಲಿ ದೀಕ್ಷಾಸ್ನಾನ ಹೊಂದಿದ ಮೇಲೆಯೂ ಈ ಮೈಲಿಗೆಯ ಮಾತು ಒಣಗದೆ ಉಳಿದಿದ್ದರೆ, ಅದು ಬೂಟಿನ ಕೆಸರಿಗಿಂತ ಹಟದ್ದು.

ಈ ನಾಡಿನಲ್ಲಿ ಕಾಲ್ಮರಿಯು ಬರಿಯ ಕಾಲ್ಮರಿಯಾಗಿರಲಿಲ್ಲ. ಅದನ್ನು ಹೊಲಿದವನೇ ಅದನ್ನು ಮೆಟ್ಟಿಕೊಂಡು ಮೇಲ್ಕೇರಿಯಲ್ಲಿ ನಡೆಯಲಾರದೆ, ಕೈಯಲ್ಲಿ ಹಿಡಿದು ತಲೆತಗ್ಗಿಸಿ ದಾಟಬೇಕಾಗಿದ್ದ ಕಾಲವನ್ನು ನಮ್ಮ ಮುದುಕರು ಬಲ್ಲರು. ಅಸ್ಪೃಶ್ಯತೆಯು ರದ್ದಾಯಿತೆಂದು 1950ರ ಜನವರಿ 26ರಿಂದ ನಡೆದುಬಂದ ರಾಜ್ಯಾಂಗದ 17ನೆಯ ಅನುಚ್ಛೇದವು ಹೇಳುತ್ತದೆ. ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಕಾನೂನು 1955ರಲ್ಲಿ ಬಂತು. ಹಾಗಾದರೂ ನಮ್ಮ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಕ್ಷೌರದ ಅಂಗಡಿ, ಚಹದ ಅಂಗಡಿಗಳ ಪ್ರವೇಶದ ವಿಷಯದಿಂದ ಬೆಳೆದ ವೈರವು ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೊಕದ್ದಮೆಯು ಮೇಲಿನ ನ್ಯಾಯಾಲಯಕ್ಕೂ ಹೋಯಿತು. ಆ ಬೆಂಕಿಯು ಹೊರಗಿನವರದು, ನಮ್ಮದಲ್ಲ ಎಂದು ನಾವು ಸಮಾಧಾನಪಡುವ ಮೊದಲು, ಬೂಟು ಒರಸುವದು ಇಂಥವನ ಕೆಲಸವೆಂಬ ಸಣ್ಣ ಕಿಡಿ ನಮ್ಮ ಅಂಗಳದಲ್ಲಿ ಇದೆಯೋ ಎಂದು ನೋಡಬೇಕು.

ಹರಳಯ್ಯನ ಕಥೆಯನ್ನು ಕನ್ನಡ ನಾಡಿನವರೆಲ್ಲರೂ ಬಲ್ಲರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ತನಗೆ ಒಂದು ಶರಣಿಗೆ ಎರಡು ಶರಣು ಮಾಡಿದ್ದನ್ನು ತಾಳಲಾರದೆ, ಅವನೂ ಅವನ ಹೆಂಡತಿಯಾದ ಕಲ್ಯಾಣಮ್ಮನೂ ತಮ್ಮ ತೊಡೆಯ ತೊಗಲಿನಿಂದ ಪಾದರಕ್ಷೆಗಳನ್ನು ಮಾಡಿ ಕೊಟ್ಟರೆಂದೂ, ಅವುಗಳನ್ನು ಮೆಟ್ಟುವದಕ್ಕೆ ತಾನು ಯೋಗ್ಯನಲ್ಲವೆಂದು ಬಸವಣ್ಣನವರು ತಲೆಯ ಮೇಲೆ ಇಟ್ಟುಕೊಂಡರೆಂದೂ ಹೇಳುತ್ತಾರೆ. ನಮ್ಮ ಮತವು ಬೇರೆ. ಆದರೂ ಒಳ್ಳೇದನ್ನು ಒಳ್ಳೇದೆಂದು ಹೇಳುವದಕ್ಕೆ ನಾವು ಹಿಂದೆಗೆಯಬಾರದು. ಜೋಡು ಹೊಲಿಯುವವನ ಮುಂದೆ ದಂಡನಾಯಕನು ತಗ್ಗಿದ ಕಥೆಯನ್ನು ಕಾಪಾಡಿದ ನಾಡಿನಲ್ಲಿ, ಕ್ರಿಸ್ತನವರೆನಿಸಿಕೊಂಡ ನಾವು ಅವನ ಮೊಮ್ಮಗನಿಗೆ ಬೂಟು ಒಗೆಯುವದು ಎಂಥಾ ನಾಚಿಕೆ!

ಪವಿತ್ರಶಾಸ್ತ್ರವನ್ನು ನೋಡಿರಿ. ಯೊಪ್ಪದಲ್ಲಿ ಪೇತ್ರನು ಬಹು ದಿನ ಯಾರ ಮನೆಯಲ್ಲಿ ಇಳುಕೊಂಡಿದ್ದನು? ತೊಗಲು ಹದಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯನ್ನು ಮುಟ್ಟುವ ಕಸುಬಾದದರಿಂದ ಯೆಹೂದ್ಯರು ಅದನ್ನು ಹೇಸುತ್ತಿದ್ದರು. ಆ ಮನೆಯು ಸಮುದ್ರದ ಬಳಿಯಲ್ಲಿತ್ತು. ಆ ಮನೆಯ ಮಾಳಿಗೆಯ ಮೇಲೆ ಪೇತ್ರನು ಪ್ರಾರ್ಥಿಸುತ್ತಿರುವಾಗಲೇ ಆಕಾಶದಿಂದ ಜೋಳಿಗೆಯಂಥದ್ದು ಇಳಿಯುವ ದರ್ಶನವಾಯಿತು. ದೇವರು ಶುದ್ಧಮಾಡಿದ್ದನ್ನು ಹೊಲೆಯೆನ್ನಬಾರದೆಂದು ಅವನು ಕಲಿತು, ಕೊರ್ನೇಲ್ಯನ ಮನೆಗೆ ಹೋಗುವದಕ್ಕೆ ಒಪ್ಪಿದ್ದು ಅಲ್ಲಿಂದಲೇ. ಪ್ರಿಯರೇ, ಆಲೋಚಿಸಿರಿ. ಅನ್ಯಜನರಾದ ನಮಗೆ ಸುವಾರ್ತೆಯ ಬಾಗಿಲು ತೆರೆದದ್ದು ಮಹಾಯಾಜಕನ ಅರಮನೆಯಲ್ಲಿ ಅಲ್ಲ, ತಂಗಡಿಯಂಥ ತೊಗಟೆಯೂ ಹಸಿಯ ತೊಗಲೂ ನಾರುತ್ತಿದ್ದ ಮನೆಯ ಮಾಳಿಗೆಯಲ್ಲಿ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವವನು ತನಗೆ ರಕ್ಷಣೆ ಬಂದ ದಾರಿಗೇ ಮೂಗು ಮುಚ್ಚಿಕೊಳ್ಳುತ್ತಾನೆ.

ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ 1761ರಲ್ಲಿ ಹುಟ್ಟಿದ ವಿಲಿಯಂ ಕೇರಿಯವರು ಬಾಲ್ಯದಲ್ಲಿಯೇ ಜೋಡು ಹೊಲಿಯುವವನ ಬಳಿಯಲ್ಲಿ ಕೆಲಸಕ್ಕೆ ಸೇರಿದವರು. 1793ರಲ್ಲಿ ಬಂಗಾಳಕ್ಕೆ ಬಂದು, ಸೆರಾಂಪುರದಲ್ಲಿ ನೆಲೆಸಿ, 1834ರಲ್ಲಿ ತೀರಿಕೊಳ್ಳುವವರೆಗೆ ಅನೇಕ ಭಾಷೆಗಳಲ್ಲಿ ದೇವರ ವಾಕ್ಯವನ್ನು ಕೊಡುವದಕ್ಕೆ ದುಡಿದರು. ಕನ್ನಡದ ಹೊಸ ಒಡಂಬಡಿಕೆಯೂ ಅವರ ಮುದ್ರಣಾಲಯದಿಂದ ಹೊರಬಂತು. ದೊಡ್ಡ ಅಧಿಕಾರಿಗಳ ಊಟದ ಮೇಜಿನಲ್ಲಿ ಯಾರೋ ಒಬ್ಬನು ಇವರನ್ನು ಕೆಣಕಬೇಕೆಂದು ಇವರು ಮೊದಲು ಜೋಡು ಮಾಡುವವರಲ್ಲವೇ ಎಂದಾಗ, ಹೊಸ ಜೋಡು ಮಾಡುವವನೂ ಅಲ್ಲ, ಹಳೆಯ ಜೋಡಿಗೆ ತೇಪೆ ಹಾಕುವವನು ಮಾತ್ರ ಎಂದು ಕೇರಿಯವರು ಉತ್ತರಕೊಟ್ಟರೆಂದು ಹೇಳುವದುಂಟು. ದಬ್ಬಣ ಹಿಡಿದ ಕೈಯೆಂದು ಅವರು ನಾಚಲಿಲ್ಲ. ಅವರು ಕೂತ ಅಂಗಡಿಯ ಗೋಡೆಯಲ್ಲಿ ಲೋಕದ ನಕ್ಷೆಯಿತ್ತು.

ಮೇಲಾಗಿ ಕರ್ತನನ್ನೇ ನೋಡಿರಿ. ಆ ಕಾಲದಲ್ಲಿ ಕೆರದ ಬಾರನ್ನು ಬಿಚ್ಚುವದು ಆಳಿನ ಕೆಲಸ. ಸ್ನಾನಿಕನಾದ ಯೋಹಾನನು ತಾನು ಅದಕ್ಕೂ ಯೋಗ್ಯನಲ್ಲವೆಂದು ಹೇಳಿದನು. ಯಾರ ಕೆರದ ಬಾರಿಗೆ ಯೋಹಾನನು ಯೋಗ್ಯನಲ್ಲವೋ, ಆತನು ಕಡೇ ರಾತ್ರಿಯ ಊಟದಿಂದ ಎದ್ದು ಮೇಲುಹೊದಿಕೆಯನ್ನು ತೆಗೆದಿಟ್ಟು, ಕೈಪಾವುಡವನ್ನು ನಡುವಿಗೆ ಕಟ್ಟಿಕೊಂಡು, ಶಿಷ್ಯರ ಧೂಳುಗಾಲುಗಳನ್ನು ತೊಳೆದನು. ಯೂದನ ಕಾಲುಗಳೂ ಅಲ್ಲಿ ಇದ್ದವು. ಈ ಕೆಲಸ ಯಾರ ಅಜ್ಜನದೆಂದು ಆತನು ಕೇಳಲಿಲ್ಲ.

ಆದದರಿಂದ ನಮ್ಮ ಸಭೆಯ ಹುಡುಗರ ತಂಡಗಳಲ್ಲಿ ಹೀಗೆ ನಡೆಯಲೆಂದು ನಾನು ಹೇಳುತ್ತೇನೆ. ಒಬ್ಬೊಬ್ಬನು ತನ್ನ ಬೂಟನ್ನು ತಾನೇ ಶುದ್ಧಮಾಡಲಿ. ಒಬ್ಬನಿಗೆ ಪೆಟ್ಟು ಬಿದ್ದರೆ, ಜ್ವರ ಬಂದರೆ, ಅವನ ಬೂಟನ್ನು ತಂಡದ ನಾಯಕನು ಮೊದಲು ಎತ್ತಿಕೊಳ್ಳಲಿ. ಹರಿದ ಹೊಲಿಗೆಯನ್ನು ಸಮಗಾರನ ಬಳಿಗೆ ಒಯ್ಯುವಾಗ, ಅಣ್ಣಾ ಎಂದಾಗಲಿ ಕಾಕಾ ಎಂದಾಗಲಿ ಮರ್ಯಾದೆಯಿಂದ ಕರೆದು, ಮಣ್ಣು ಒರಸಿದ ಬೂಟನ್ನು ಕೈಯಲ್ಲಿ ಕೊಡಿರಿ, ನೆಲಕ್ಕೆ ಹಾಕಬೇಡಿರಿ; ಅವನು ಕೇಳಿದ ಕೂಲಿಯನ್ನು ಜಗ್ಗಾಡದೆ ಕೊಡಿರಿ. ಮೈದಾನದ ಹತ್ತಿರ ನೂರಾರು ರೂಪಾಯಿಯ ಬೂಟನ್ನು ಹೊಗಳುವವರು ಹತ್ತು ರೂಪಾಯಿಯ ಹೊಲಿಗೆಗೆ ಚೌಕಾಸಿ ಮಾಡುವದು ನೋಡುವದಕ್ಕೆ ಅಸಹ್ಯ.

ಹೊಗಳುವ ಮಾತು ಬಂದದ್ದರಿಂದ ಇನ್ನೊಂದು ಕಥೆ. ಜರ್ಮನಿಯ ಹೆರ್ಟ್ಸೊಗೆನೌರಾಖ್ ಎಂಬ ಸಣ್ಣ ಊರಿನಲ್ಲಿ ಡಾಸ್ಲರ್ ಎಂಬ ಇಬ್ಬರು ಅಣ್ಣತಮ್ಮಂದಿರು ಒಂದೇ ಕಾರ್ಯಾಲಯದಲ್ಲಿ ಆಟದ ಜೋಡುಗಳನ್ನು ಮಾಡುತ್ತಿದ್ದರು. ಅವರಲ್ಲಿ ವೈಮನಸ್ಸು ಹುಟ್ಟಿ 1948ರಲ್ಲಿ ಬೇರೆಯಾದರು. ತಮ್ಮನಾದ ಆದಿಯ ಕಾರಖಾನೆ ಆಡಿಡಾಸ್, ಅಣ್ಣನಾದ ರುಡಾಲ್ಫನದು ಪೂಮ. ಹೊಳೆಯ ಆಚೆಗೊಂದು, ಈಚೆಗೊಂದು. ಊರೇ ಎರಡು ಪಾಲಾಯಿತು. ಎದುರಿಗೆ ಬಂದವನ ಮುಖಕ್ಕಿಂತ ಮೊದಲು ಅವನ ಕಾಲನ್ನು ನೋಡಿ ಮಾತಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರಂತೆ. ಅಣ್ಣತಮ್ಮಂದಿರು ಸತ್ತು ಒಂದೇ ಸ್ಮಶಾನದಲ್ಲಿ, ಆದರೆ ದೂರದೂರವಾಗಿ ಮಲಗಿದ್ದಾರೆ. ಎರಡು ಕಾರಖಾನೆಗಳ ಕೆಲಸಗಾರರು ಕೂಡಿ ಸ್ನೇಹದ ಆಟವಾಡಿದ್ದು 2009ರಲ್ಲಿ. ಇವರ ಹೆಸರು ಹೊತ್ತ ಬೂಟುಗಳಿಗಾಗಿ, ಮತ್ತು ಅವುಗಳ ಸುಳ್ಳು ನಕಲುಗಳಿಗಾಗಿಯೂ, ನಮ್ಮ ಹುಡುಗರು ಮನೆಯಲ್ಲಿ ಹಟಹಿಡಿದು ಊಟ ಬಿಡುವದನ್ನು ಕೇಳುತ್ತೇವೆ. ಹೆಸರಿಲ್ಲದ ಬೂಟನ್ನು ಚೆನ್ನಾಗಿ ಕಾಪಾಡಿದರೆ ಹೆಸರಿನ ಬೂಟನ್ನು ಕೆಸರಿನಲ್ಲಿ ಬಿಟ್ಟವನಿಗಿಂತ ಹೆಚ್ಚು ಕಾಲ ಆಡಬಹುದು. ಮುಖ ನೋಡುವ ಮೊದಲು ಕಾಲು ನೋಡುವ ರೋಗವು ನಮ್ಮ ಊರುಗಳಿಗೆ ಹೊಸದಲ್ಲ. ಅದನ್ನು ಇನ್ನೊಂದು ರೂಪದಲ್ಲಿ ತಂದುಕೊಳ್ಳುವದು ಯಾಕೆ?

ಬೂಟಿನ ಒಳಗಿರುವ ಕಾಲನ್ನೂ ಮರೆಯಬಾರದು. ಬೂಟು ಬಿಚ್ಚಿದ ಮೇಲೆ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಗಿಸಿ, ಅಂಗಾಲನ್ನು ತಿರುಗಿಸಿ ನೋಡಿರಿ. ಕಾಲುಚೀಲವನ್ನು ದಿನವೂ ಒಗೆಯಿರಿ. ಮೊಳೆ ಚುಚ್ಚಿದರೆ ಅರಿಶಿಣ ಹಚ್ಚಿ ಸುಮ್ಮನಿರದೆ ದವಾಖಾನೆಗೆ ಹೋಗಿ ಧನುರ್ವಾಯುವಿನ ಸೂಜಿ ಹಾಕಿಸಿಕೊಳ್ಳಬೇಕು. ಕೊಲ್ಲಿಮಲೆಯಲ್ಲಿ ಮಿಶನರಿಗಳ ಮಗನಾಗಿ 1914ರಲ್ಲಿ ಹುಟ್ಟಿದ ವೈದ್ಯ ಪಾಲ್ ಬ್ರಾಂಡರು 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆಮಾಡಿ ಒಂದು ದೊಡ್ಡ ಸಂಗತಿಯನ್ನು ತೋರಿಸಿಕೊಟ್ಟರು. ಆ ರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಬೀಳುವದಿಲ್ಲ. ನೋವು ತಿಳಿಯದ ಕಾರಣ ಮುಳ್ಳು, ಹರಳು, ಬಿಗಿ ಜೋಡು ಮಾಡಿದ ಗಾಯವನ್ನು ಅವರು ಅರಿಯದೆ ನಡೆಯುತ್ತಾರೆ, ಗಾಯವು ಒಳಗೆ ಇಳಿಯುತ್ತದೆ. ಆದಕಾರಣ ಅವರು ಶಸ್ತ್ರಕ್ರಿಯೆಯಷ್ಟೇ ಗಮನವನ್ನು ಮೆತ್ತಗಿನ ಅಟ್ಟೆಯ ಜೋಡುಗಳಿಗೂ ಕೊಟ್ಟರು, ದಿನವೂ ಕಾಲು ನೋಡಿಕೊಳ್ಳುವದನ್ನು ರೋಗಿಗಳಿಗೆ ಕಲಿಸಿದರು. ನಮ್ಮ ಊರುಗಳಲ್ಲಿ ಸಕ್ಕರೆ ರೋಗದಿಂದ ಅಂಗಾಲಿನ ಸ್ಪರ್ಶ ಕಡಿಮೆಯಾದ ಹಿರಿಯರು ಈಗ ಮನೆಮನೆಗೆ ಇದ್ದಾರೆ. ಮಗನು ತನ್ನ ಬೂಟು ಒರಸುವ ಹೊತ್ತಿನಲ್ಲಿ ತಂದೆಯ ಚಪ್ಪಲಿಯನ್ನೂ ಎತ್ತಿ, ಒಳಗೆ ಮೊಳೆಯ ತುದಿ ಎದ್ದಿದೆಯೋ, ಹರಳು ಸಿಕ್ಕಿದೆಯೋ ಎಂದು ಬೆರಳಾಡಿಸಿ ನೋಡಲಿ. ತಾಯಿಯದನ್ನೂ ನೋಡಲಿ, ತಾಯಂದಿರು ಹರಿದದ್ದನ್ನು ಪಿನ್ನು ಚುಚ್ಚಿಕೊಂಡು ವರುಷಗಟ್ಟಲೆ ನಡೆಯುತ್ತಾರೆ, ಬಾಯಿಬಿಟ್ಟು ಹೇಳುವದಿಲ್ಲ.

ಹಂಗಾಮು ಮುಗಿದ ಮೇಲೆ ಬೂಟುಗಳನ್ನು ಗೋಣಿಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆಯಬಾರದು. ಸಡಿಲವಾದ ಗುಬಟುಗಳನ್ನು ಬಿಗಿದು, ತೊಗಲಾಗಿದ್ದರೆ ತೆಳ್ಳಗೆ ಎಣ್ಣೆ ಒರಸಿ, ಒಳಗೆ ಒಣಕಾಗದ ತುಂಬಿ, ಗಾಳಿಯಾಡುವ ಅ​ರಿವೆಯ ಚೀಲದಲ್ಲಿ ತೂಗಹಾಕಿರಿ. ಪ್ಲಾಸ್ಟಿಕಿನ ಚೀಲದಲ್ಲಿ ಕಟ್ಟಿದರೆ ಬೂಸುರು ಹಿಡಿಯುವದು. ಬೆಳೆಯುವ ಹುಡುಗರ ಕಾಲು ಬರುವ ವರುಷಕ್ಕೆ ಆ ಬೂಟಿನಲ್ಲಿ ಹಿಡಿಯಲಿಕ್ಕಿಲ್ಲ. ಆಗ ಅದನ್ನು ಬರಿಗಾಲಿನಲ್ಲಿ ಆಡುತ್ತಿರುವ ಸಣ್ಣವನಿಗೆ ಕೊಡಿರಿ. ಅವನು ಯಾವ ಕೇರಿಯವನೆಂದು ನೋಡಬೇಡಿರಿ. ಕೊಡುವ ಮುಂಚೆ ಸಂದಿನ ಮಣ್ಣನ್ನೆಲ್ಲಾ ತೆಗೆದು, ಬಿಚ್ಚಿದ ಹೊಲಿಗೆಯನ್ನು ಹಾಕಿಸಿ, ಹೊಸ ದಾರವನ್ನು ಪೋಣಿಸಿ, ಎರಡೂ ಬೂಟುಗಳನ್ನು ಜೋಡಿಸಿ ಅವನ ಕೈಯಲ್ಲಿ ಕೊಡಿರಿ. ಅವನ ಕಾಲಿಗೆ ಇನ್ನೂ ಸ್ವಲ್ಪ ದೊಡ್ಡದಾದರೆ ತುದಿಯಲ್ಲಿ ಹತ್ತಿಯನ್ನಿಟ್ಟು, ಅದು ಒತ್ತದಂತೆ ಹೇಗೆ ಇಡಬೇಕೆಂಬದನ್ನು ಅವನ ಪಕ್ಕದಲ್ಲಿ ಕೂತು ತೋರಿಸಿಕೊಡಿರಿ.